ಮಾಳಿಗೆಯ ಡೆಕ್‌ಗೆ ಬಳಿದ ಕೆಟ್ಟ ಸ್ಟೇನ್ ತೆಗೆದದ್ದು

ಮರಕ್ಕೆ ಬಣ್ಣ ಕೊಡುವ ಸ್ಟೇನ್ ಎಂಬ ಎಣ್ಣೆ ಹಚ್ಚಿ ವಾರಗಳಾದರೂ ಹಲಗೆ ಕಾಲಿಗೆ ಅಂಟುತ್ತಿದ್ದರೆ, ತಾನಾಗಿ ಒಣಗಲಿ ಎಂದು ಕಾಯುತ್ತಾ ಕೂರಬೇಡಿ. ನಮಗೂ ಎಲ್ಲರೂ ಅದನ್ನೇ ಹೇಳಿದರು. ಬಳ್ಳಾರಿ ಬಿಸಿಲು ಅಲ್ವಾ, ಎಂಥದೂ ಒಣಗುತ್ತೆ, ಬಿಡಿ ಅಂದರು. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ನಮ್ಮ ಮಾಳಿಗೆಯ ಡೆಕ್ ಮೇಲೆ, ಅಂದರೆ ಹಲಗೆ ಹಾಸಿದ ನೆಲದ ಮೇಲೆ, ಚಾಪೆ ಹಾಸಿದರೆ ಬೆಳಿಗ್ಗೆ ಚಾಪೆಯ ಎಳೆಗಳು ಹಲಗೆಗೆ ಅಂಟಿಕೊಂಡೇ ಇರುತ್ತಿದ್ದವು. ಬರಿಗಾಲಲ್ಲಿ ನಡೆದರೆ ಹಿಮ್ಮಡಿಗೆ ಕಂದು ಬಣ್ಣ ಹತ್ತುತ್ತಿತ್ತು.

ಈ ಊರಲ್ಲಿ ಮಾಳಿಗೆ ಮೇಲೆ ಯಾರೂ ಮರ ಹಾಸುವುದಿಲ್ಲ. ನಾವು ಹಾಸಿದ್ದಕ್ಕೆ ಕಾರಣ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ಸಿಮೆಂಟ್ ನೆಲ ರಾತ್ರಿ ಊಟವಾದ ಮೇಲೂ ಬಿಸಿ ಉಗುಳುತ್ತಲೇ ಇರುತ್ತದೆ. ಮರ ಹಾಗಲ್ಲ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಅದು ತಣ್ಣಗಾಗುತ್ತದೆ. ಮಾಳಿಗೆ ಮೇಲೆ ಮಲಗುವ ಅಭ್ಯಾಸ ಇದ್ದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಕಾರಣ ಆ ಮರವೇ. ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆ ಇತ್ತು. ಅದನ್ನು ಕೆಡವಿದಾಗ ಸಾಗವಾನಿ ತೊಲೆಗಳು ಉಳಿದವು. ಹೊರಗೆ ಹೊಗೆ ಹಿಡಿದು ಕಪ್ಪಾಗಿದ್ದರೂ ಸಾ ಮಿಲ್ಲಿನಲ್ಲಿ ಸೀಳಿದಾಗ ಒಳಗೆ ಜೇನಿನ ಬಣ್ಣ. ಅಂಥ ಬಿಗಿ ಎಳೆಯ ಮರ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಹಲಗೆ ಕೆಟ್ಟರೆ ಹೊಸದು ತಂದರಾಯಿತು ಅನ್ನುವ ಹಾಗಿರಲಿಲ್ಲ. ಹಾಗಾಗಿ ಇದನ್ನು ಉಳಿಸಿಕೊಳ್ಳಲೇಬೇಕು ಎಂದು ಕೂತೆ.

ಸ್ಟೇನ್ ಹಚ್ಚಿದವರು ಬಾಗಿಲು, ಕಿಟಕಿಗೆ ಪಾಲಿಶ್ ಮಾಡುವವರು. ಬಾಗಿಲಿನ ಪಾಲಿಶ್ ಅಂದರೆ ಕೋಟ್ ಮೇಲೆ ಕೋಟ್ ಏರಿಸಿ ಹೊಳಪು ತರುವ ಕೆಲಸ. ಡೆಕ್‌ಗೆ ಹಚ್ಚುವ ಎಣ್ಣೆ ಸ್ಟೇನ್‌ನ ಕೆಲಸ ಇದಕ್ಕೆ ಪೂರ್ತಿ ಬೇರೆ. ಅದು ಮರದ ಒಳಗೆ ಇಳಿಯಬೇಕು, ಮೇಲೆ ನಿಲ್ಲಬಾರದು. ಮರ ತನಗೆ ಬೇಕಾದಷ್ಟು ಕುಡಿಯುತ್ತದೆ. ಮಿಕ್ಕಿದ್ದನ್ನು ಹತ್ತು ಹದಿನೈದು ನಿಮಿಷದೊಳಗೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಆ ಎಣ್ಣೆ ಮೇಲೆಯೇ ಕೂರುತ್ತದೆ. ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕ ಸೇರಿ. ದಪ್ಪಗೆ ನಿಂತಾಗ ಮೇಲ್ಭಾಗ ಮಾತ್ರ ಕೆನೆಗಟ್ಟುತ್ತದೆ, ಕೆಳಗಡೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮಲ್ಲಿ ಮೇ ತಿಂಗಳ ನಡುಮಧ್ಯಾಹ್ನ, ರೋಲರ್‌ನಲ್ಲಿ, ಎರಡು ದಪ್ಪ ಕೋಟ್ ಹೊಡೆದು ಹೋಗಿದ್ದರು. ಒರೆಸಿರಲಿಲ್ಲ. ಮೊದಲ ಕೋಟೇ ಮರದ ಬಾಯಿ ಮುಚ್ಚಿತ್ತು. ಎರಡನೆಯದಕ್ಕೆ ಇಳಿಯಲು ಜಾಗವೇ ಇರಲಿಲ್ಲ.

ಬಿಸಿಲಿನದೂ ಪಾಲಿದೆ. ಕಾದ ಹಲಗೆಯ ಮೇಲೆ ಸ್ಟೇನ್ ಬಿದ್ದ ತಕ್ಷಣ ಅದನ್ನು ತೆಳುಮಾಡಿದ ದ್ರವ ಹಾರಿಹೋಗುತ್ತದೆ. ಮುಂದಿನ ಸಲ ರೋಲರ್ ಬರುವಷ್ಟರಲ್ಲಿ ಹಿಂದಿನ ಅಂಚು ಒಣಗಿರುತ್ತದೆ. ಒಂದರ ಮೇಲೊಂದು ಬಿದ್ದ ಕಡೆ ದಟ್ಟ ಪಟ್ಟೆ ಮೂಡುತ್ತದೆ. ನಮ್ಮ ಡೆಕ್ ತುಂಬಾ ಹುಲಿಪಟ್ಟೆ. ಹಲಗೆಗಳ ತುದಿ ಎಲ್ಲಕ್ಕಿಂತ ಕಪ್ಪು, ಯಾಕೆಂದರೆ ಕೊಯ್ದ ತುದಿ ಜಾಸ್ತಿ ಕುಡಿಯುತ್ತದೆ. ಇದರ ಜೊತೆ ಧೂಳು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಈ ಸೀಮೆಗೆ ಹೊಸದಲ್ಲ. ಅದು ಅಂಟಿನ ಮೇಲೆ ಕೂತು ಗಟ್ಟಿಯಾಯಿತು. ಗುಡಿಸಿದರೆ ಹೋಗದು, ತೊಳೆದರೂ ಹೋಗದು.

ತಾನಾಗಿ ಒಣಗದು ಎಂದು ಖಾತ್ರಿಯಾದ ಮೇಲೆ ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯವರ ತನಕ ಸಿಕ್ಕ ಸಲಹೆ ಒಂದೇ. ಮೇಲೆ ಇನ್ನೊಂದು ಡಾರ್ಕ್ ಕೋಟ್ ಹೊಡೆಸಿ, ಎಲ್ಲ ಮುಚ್ಚಿಹೋಗುತ್ತೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಹೊಸ ಕೋಟ್ ಕೂರುವುದು ಅಂಟಿನ ಮೇಲೆ, ಮರದ ಮೇಲಲ್ಲ. ಅಂಟು ಸಡಿಲಾದ ದಿನ ಅದೂ ಸಿಪ್ಪೆಯಾಗಿ ಏಳುತ್ತದೆ. ಹಳೆಯದು ಪೂರ್ತಿ ಹೋಗದೆ ಹೊಸದು ಹಚ್ಚಬಾರದು. ಇಡೀ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದ ಮಾತು ಇದೊಂದೇ. ಸ್ಟೇನ್ ಹಚ್ಚಿ ಬರೀ ಒಂದೆರಡು ದಿನ ಆಗಿದ್ದರೆ ಬೇರೆ ದಾರಿ ಇದೆ. ಅದೇ ಸ್ಟೇನನ್ನು ತೆಳ್ಳಗೆ ಮತ್ತೆ ಹಚ್ಚಿದರೆ ಹಳೆಯದು ಮೆತ್ತಗಾಗುತ್ತದೆ, ಕೂಡಲೇ ಎರಡನ್ನೂ ಸೇರಿಸಿ ಒರೆಸಿಬಿಡಬಹುದು. ನಮ್ಮದು ಆ ಹಂತ ದಾಟಿತ್ತು.

ಕೆಲಸ ಶುರು ಮಾಡಿದ್ದು ಸಂಕ್ರಾಂತಿ ಮುಗಿದ ಮೇಲೆ. ಈ ಕಡೆ ಮರದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗಾಳಿ ಒಣಗಿರುತ್ತದೆ, ಮಳೆಯ ಭಯ ಇಲ್ಲ, ಬಿಸಿಲೂ ತಡೆದುಕೊಳ್ಳುವಷ್ಟು. ಸಹಾಯಕ್ಕೆ ನಮ್ಮ ಓಣಿಯ ಹಿರಿಯ ಬಡಿಗೇರರೊಬ್ಬರು ಬಂದರು. ಡೆಕ್ ಜೋಡಿಸಿದ್ದೂ ಅವರೇ. ಹಲಗೆಗಳ ಸ್ಥಿತಿ ನೋಡಿ ಅವರಿಗೆ ಬೇಸರವಾಗಿತ್ತು.

ಮೊದಲು ಪರೀಕ್ಷೆ. ಹಲಗೆಯ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟೆವು. ಹೊಳೆಯುವ ಕಡೆ ಹನಿ ಮಣಿಯಂತೆ ನಿಂತಿತು. ಓಡಾಡಿ ಸವೆದ ಕಡೆ ಮರ ಅದನ್ನು ಹೀರಿಕೊಂಡಿತು. ಅಂದರೆ ಒಂದೇ ಹಲಗೆಯಲ್ಲಿ ಎರಡು ರೀತಿಯ ಮರ. ಇದರ ಮೇಲೆ ಏನು ಹಚ್ಚಿದರೂ ಬಣ್ಣ ಒಂದೇ ಸಮ ಬರುವುದಿಲ್ಲ ಎನ್ನುವುದು ಅಲ್ಲೇ ಖಾತ್ರಿಯಾಯಿತು. ಆಮೇಲೆ ಬಿಳಿ ಬಟ್ಟೆಗೆ ಪೇಂಟ್ ತೆಳುಮಾಡುವ ಮಿನರಲ್ ಟರ್ಪೆಂಟೈನ್ ಹಾಕಿ ಉಜ್ಜಿದೆವು. ಬಟ್ಟೆಗೆ ಕಂದು ಬಣ್ಣ ಧಾರಾಳವಾಗಿ ಬಂತು. ಎಣ್ಣೆಯ ಸ್ಟೇನ್, ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ನೀರಿನ ಟ್ಯಾಂಕಿನ ನೆರಳು ಬೀಳುವ ಕಡೆಯಂತೂ ಬೆರಳು ಇಟ್ಟರೆ ಗುರುತು ಮೂಡುತ್ತಿತ್ತು.

ಇಷ್ಟು ಅಂಟಿದ್ದಾಗ ಯಂತ್ರ ಹಿಡಿದು ಉಜ್ಜುವುದಕ್ಕೆ ಹೋಗಬಾರದು. ಉಜ್ಜಿದ ಬಿಸಿಗೆ ಸ್ಟೇನ್ ಕರಗಿ ಉಪ್ಪುಕಾಗದದ ಹಲ್ಲುಗಳ ನಡುವೆ ತುಂಬಿಕೊಳ್ಳುತ್ತದೆ. ಒಂದು ಹಲಗೆಗೆ ಹಾಳೆಗಟ್ಟಲೆ ಕಾಗದ ಹಾಳು. ಬಡಿಗೇರರು ಒಡೆದ ಕಿಟಕಿ ಗಾಜಿನ ಚೂರು ತಂದಿದ್ದರು. ದಪ್ಪ ಕೈಗವಸು ಹಾಕಿ, ಚೂರನ್ನು ಸ್ವಲ್ಪ ಓರೆಯಾಗಿ ಹಿಡಿದು, ಎಳೆಯ ಗುಂಟ ತಮ್ಮ ಕಡೆ ಎಳೆಯುತ್ತಿದ್ದರು. ಕೆನೆಗಟ್ಟಿದ ಸ್ಟೇನ್ ಸುರುಳಿ ಸುರುಳಿಯಾಗಿ ಏಳುತ್ತಿತ್ತು, ಮರಕ್ಕೆ ಒಂದು ಗೀರೂ ಇಲ್ಲ. ಹಳೇ ಕಾಲದಿಂದ ಬಾಗಿಲಿನ ವಾರ್ನಿಶ್ ತೆಗೆಯುವ ರೀತಿ ಇದು. ನಾನು ಸ್ಟೀಲ್ ಸ್ಕ್ರೇಪರ್ ಹಿಡಿದು ಅವರ ಹಿಂದೆ ಹೋದೆ. ಅವರ ಕೈಯ ನಯ ನೋಡುತ್ತಾ ನಿಂತುಬಿಡುವ ಹಾಗಾಗುತ್ತಿತ್ತು.

ಕೆರೆದ ಮೇಲೆ ಟರ್ಪೆಂಟೈನ್. ಬಟ್ಟೆ ಎಷ್ಟಿದ್ದರೂ ಸಾಲದು. ಬಳ್ಳಾರಿ ಅಂದರೆ ಜೀನ್ಸ್ ಹೊಲಿಗೆಯ ಊರು, ಕತ್ತರಿಸಿ ಉಳಿದ ಚೂರುಗಳಿಗೆ ಬರವಿಲ್ಲ. ಗಟ್ಟಿ ಬಟ್ಟೆ, ಮೊದಲ ಕೊಳೆ ಉಜ್ಜುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಜೀನ್ಸ್ ಬಟ್ಟೆಯ ನೀಲಿ ಉಜ್ಜಿದರೆ ಬಿಡುತ್ತದೆ. ತೆರೆದುಕೊಂಡ ಮರಕ್ಕೆ ಆ ನೀಲಿ ಹತ್ತಿದರೆ ತೆಗೆಯುವುದು ಇನ್ನೊಂದು ಕೆಲಸ. ಹಾಗಾಗಿ ಕೊನೆಯ ಒರೆಸುವಿಕೆಗೆಲ್ಲ ಹಳೇ ಬಿಳಿ ಪಂಚೆ, ಬನಿಯನ್ ಬಟ್ಟೆಗಳನ್ನೇ ಬಳಸಿದೆವು.

ಈ ಬಟ್ಟೆಗಳ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೇನಿನ ಎಣ್ಣೆ ಗಾಳಿ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗುವುದಿಲ್ಲ, ಒಳಗೇ ಏರುತ್ತದೆ. ಬೆಂಕಿ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅಗಸೆ ಎಣ್ಣೆ ಇರುವ ಸ್ಟೇನ್‌ಗಳಲ್ಲಿ ಇದು ಜಾಸ್ತಿ. ಇಂಥ ಬಿಸಿಲೂರಲ್ಲಿ ಕೇಳಬೇಕೇ? ನಾವು ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ತುಂಬಿಟ್ಟು, ಕೈಯಿಂದ ಬಿಟ್ಟ ಬಟ್ಟೆ ನೇರ ಅದರೊಳಗೇ ಹಾಕುತ್ತಿದ್ದೆವು. ಕೆಲಸಕ್ಕೆ ಬಂದ ಹುಡುಗರಿಗೂ ಮೊದಲು ಹೇಳಿದ್ದು ಇದನ್ನೇ.

ಇಷ್ಟಾದರೂ ಮರದ ಎಳೆಗಳೊಳಗೆ ಇಳಿದು ಕೂತದ್ದು ಹೋಗಿರಲಿಲ್ಲ. ಅದಕ್ಕೆ ಸ್ಟ್ರಿಪ್ಪರ್ ಬೇಕು, ಹಳೇ ಸ್ಟೇನ್ ಸಡಿಲಿಸಿ ತೆಗೆಯುವ ರಾಸಾಯನಿಕ. ನಾವು ತರಿಸಿದ್ದು ಸೋಡಿಯಂ ಹೈಡ್ರಾಕ್ಸೈಡ್ ಇರುವಂಥದ್ದು, ಅಂದರೆ ಕಾಸ್ಟಿಕ್ ಸೋಡಾ ಜಾತಿಯದು. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ರಬ್ಬರ್ ಗ್ಲೌಸ್, ಗಮ್ ಬೂಟು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ. ಮಕ್ಕಳಿಗೆ ಮಾಳಿಗೆ ಮೆಟ್ಟಿಲು ಬಂದ್. ತುಳಸಿ ಕುಂಡ, ಮಲ್ಲಿಗೆ ಕುಂಡ ಕೆಳಗಿಳಿದವು. ಮಳೆನೀರಿನ ಪೈಪು ಕೈತೋಟಕ್ಕೆ ಹೋಗುತ್ತಿತ್ತು, ಅದರ ಬಾಯಿಗೆ ತಾತ್ಕಾಲಿಕವಾಗಿ ಬೇರೆ ದಾರಿ ಮಾಡಿದೆವು.

ಸ್ಟ್ರಿಪ್ಪರ್ ಒದ್ದೆಯಾಗಿರುವ ತನಕ ಮಾತ್ರ ಕೆಲಸ ಮಾಡುತ್ತದೆ. ಒಣಗಿದರೆ ಸಡಿಲಾದ ಸ್ಟೇನೆಲ್ಲ ಮತ್ತೆ ಮರಕ್ಕೇ ಕಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಅದು ಒಣಗುವುದಕ್ಕೆ ಎಷ್ಟು ಹೊತ್ತು? ಅದಕ್ಕೇ ಬೆಳಕು ಹರಿಯುವ ಮುಂಚೆಯೇ ಏಳುತ್ತಿದ್ದೆವು. ಒಂದು ಮಂಚದಷ್ಟು ಜಾಗಕ್ಕೆ ಮಾತ್ರ ಹಚ್ಚುವುದು, ಕಾಲು ಗಂಟೆ ಬಿಡುವುದು, ನಡುವೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಸಣ್ಣಗೆ ನೀರು ಹಾಯಿಸುವುದು. ಆಮೇಲೆ ನೈಲಾನ್ ಬ್ರಶ್ಶಿನಿಂದ ಎಳೆಯ ಗುಂಟ ಉಜ್ಜುವುದು. ತಂತಿ ಬ್ರಶ್, ಸ್ಟೀಲ್ ಜುಂಗು ಮುಟ್ಟಲಿಲ್ಲ. ಅವುಗಳ ಕಬ್ಬಿಣದ ಪುಡಿ ಮರದಲ್ಲಿ ಉಳಿದು ಕಪ್ಪು ಚುಕ್ಕೆಯಾಗುತ್ತದೆ. ಪ್ರೆಶರ್ ವಾಷರ್ ತರುತ್ತೇನೆ ಅಂದ ಹುಡುಗನಿಗೂ ಬೇಡ ಅಂದೆ. ಜೋರು ನೀರು ಮೆತ್ತಗಿನ ಎಳೆಗಳನ್ನು ಕಿತ್ತು ಹಲಗೆಯನ್ನು ಜುಂಗುಜುಂಗು ಮಾಡಿಬಿಡುತ್ತದೆ. ಕಂದು ನೊರೆ ಹರಿದು ಹೋಗುವುದನ್ನು ನೋಡಿದಾಗ ಎದೆ ಹಗುರಾಯಿತು.

ಆದರೆ ತೊಳೆದ ಹಲಗೆ ಒಣಗಿದಾಗ ಮರ ಮಂಕಾಗಿ, ಕಡುಕಂದಾಗಿ ಕಂಡಿತು. ಮನೆಯವರಿಗೆಲ್ಲ ಗಾಬರಿ. ಇದು ಆಗಲೇಬೇಕಾದದ್ದು. ಕ್ಷಾರ ತಗುಲಿದರೆ ಸಾಗವಾನಿಯಂಥ ಮರ ಕಪ್ಪಿಡುತ್ತದೆ. ಜೊತೆಗೆ ಮೊಳೆಗಳ ಸುತ್ತ ಶಾಯಿಯಂಥ ಕಪ್ಪು ಕಲೆಗಳಿದ್ದವು. ಕಬ್ಬಿಣ, ತೇವ, ಮರದೊಳಗಿನ ಒಗರು ಮೂರೂ ಸೇರಿದರೆ ಹುಟ್ಟುವ ಬಣ್ಣ ಅದು. ನಮ್ಮದು ಹಳೇ ತೊಲೆ ನೋಡಿ, ಸೀಳುವಾಗ ಕಣ್ತಪ್ಪಿದ ಮೊಳೆಯ ಮುರುಕುಗಳು ಹಲಗೆಯೊಳಗೇ ಉಳಿದಿದ್ದವು. ಬಡಿಗೇರರು ಒಂದೊಂದನ್ನೂ ಹುಡುಕಿ ತೆಗೆದರು. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಂದವು, ಮೊದಲು ಸಣ್ಣ ತೂತು ಕೊರೆದು.

ಆ ಕಪ್ಪಿಗೆ ಮದ್ದು ಆಕ್ಸಾಲಿಕ್ ಆಮ್ಲ. ಬಿಳಿ ಹರಳು, ನೋಡಲು ಸಕ್ಕರೆಯಂತೆ ಇರುವುದರಿಂದಲೇ ಮನೆಯಲ್ಲಿ ಇಡುವಾಗ ಎಚ್ಚರ ಬೇಕು, ಅದು ವಿಷ. ಒಂದು ಲೀಟರ್ ಬಿಸಿನೀರಿಗೆ ಸುಮಾರು 30 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಬೇಕು. ಸ್ಟ್ರಿಪ್ಪರನ್ನು ಚೆನ್ನಾಗಿ ತೊಳೆದ ಮೇಲೆ ಮಾತ್ರ ಇದು. ಎರಡನ್ನೂ ಒಟ್ಟಿಗೆ ಬೆರೆಸುವಂತಿಲ್ಲ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. ಅದು ಉಳಿದ ಕ್ಷಾರವನ್ನೂ ತಣಿಸುತ್ತದೆ, ಕಬ್ಬಿಣದ ಕಲೆಯನ್ನೂ ಕರಗಿಸುತ್ತದೆ. ನಮ್ಮಲ್ಲಿ ಎಳೆಯೊಳಗೆ ಸೇರಿದ್ದ ಕೆಂಪು ಧೂಳಿನ ಬಣ್ಣವೂ ತಿಳಿಯಾಯಿತು. ಸೀಳಿದ ದಿನ ಸಾ ಮಿಲ್ಲಿನಲ್ಲಿ ನೋಡಿದ ಆ ಜೇನಿನ ಬಣ್ಣ ಕಣ್ಣೆದುರೇ ಹಿಂದಿರುಗಿತು. ಬಡಿಗೇರರು ಕೂತು ಹಲಗೆಯನ್ನು ಅಂಗೈಯಿಂದ ಸವರಿದರು.

ನೀರಿನ ಬಗ್ಗೆ ಒಂದು ಮಾತು. ನಮ್ಮ ಬೋರಿನ ನೀರು ಗಡಸು, ಬಕೆಟ್ಟಿಗೆ ಬಿಳಿ ಪರೆ ಕಟ್ಟುವಂಥದ್ದು. ಆ ನೀರಿನ ಸುಣ್ಣದ ಅಂಶ ಆಕ್ಸಾಲಿಕ್ ಆಮ್ಲದ ಜೊತೆ ಸೇರಿದರೆ ಕರಗದ ಬಿಳಿ ಪುಡಿಯಾಗುತ್ತದೆ. ಮೊದಲ ಹಲಗೆಯಲ್ಲೇ ಅದು ಕಾಣಿಸಿತು. ಮುಂದಿನದಕ್ಕೆಲ್ಲ ನಲ್ಲಿಯಲ್ಲಿ ಬರುವ ತುಂಗಭದ್ರೆ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟು ಅದರಲ್ಲೇ ಕಲಸಿದೆವು, ಅದರಲ್ಲೇ ತೊಳೆದೆವು. ತೊಳೆಯುವುದರಲ್ಲಿ ಜಿಪುಣತನ ಬೇಡ. ಹರಳು ಮರದಲ್ಲಿ ಉಳಿದರೆ ಮುಂದೆ ಉಜ್ಜುವಾಗ ಆ ಧೂಳು ಮೂಗಿಗೆ ಹೋಗುತ್ತದೆ.

ಆಮೇಲೆ ಕೆಲವು ದಿನ ಸುಮ್ನೆ ಒಣಗಲು ಬಿಟ್ಟೆವು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಇದ್ದರೆ 15 ಶೇಕಡಾಕ್ಕಿಂತ ಕಡಿಮೆ ತೋರಿಸಬೇಕು. ಒಣಗಿದ ಮೇಲೆ 60 ನಂಬರಿನ ಉಪ್ಪುಕಾಗದ, ಅದಾದ ಮೇಲೆ 80. ಅಲ್ಲಿಗೆ ನಿಲ್ಲಿಸಿದೆವು. ಬಾಗಿಲಿನ ಹಾಗೆ ಕನ್ನಡಿಯಂತೆ ನುಣುಪು ಮಾಡುವ ಆಸೆ ಬರುತ್ತದೆ, ಆದರೆ ಅತಿ ನುಣುಪಾದರೆ ಮರದ ರಂಧ್ರ ಮುಚ್ಚಿ ಸ್ಟೇನ್ ಸರಿಯಾಗಿ ಇಳಿಯುವುದಿಲ್ಲ. ಮತ್ತೆ ನೀರಿನ ಹನಿ ಬಿಟ್ಟು ನೋಡಿದೆವು. ಈ ಸಲ ಟ್ಯಾಂಕಿನ ನೆರಳಿನ ಹಲಗೆಗಳನ್ನು ಬಿಟ್ಟು ಎಲ್ಲ ಕಡೆಯೂ ಒಂದೇ ರೀತಿ ಹೀರಿಕೊಂಡಿತು. ಹಲಗೆಗಳ ನಡುವಿನ ಸಂದಿಯ ಅಂಟನ್ನು ಮಾತ್ರ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ತೆಗೆಯಬೇಕಾಯಿತು. ಬೇಸರ ಹಿಡಿಸುವ ಕೆಲಸ, ಬಿಡುವಂತಿರಲಿಲ್ಲ.

ಹೊಸ ಸ್ಟೇನ್ ಹಚ್ಚುವ ದಿನಕ್ಕೆ ಮಾಳಿಗೆ ಪೂರ್ತಿ ಶಾಮಿಯಾನ ಕಟ್ಟಿಸಿದೆವು. ಮದುವೆ ಇದೆಯೇನು ಎಂದು ಕೇಳಿದವರಿದ್ದರು. ನೆರಳಿಲ್ಲದೆ ಇಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ. ಸ್ಟೇನ್ ಡಬ್ಬಿಯ ಮೇಲೆ 10ರಿಂದ 35 ಡಿಗ್ರಿ ಎಂದಿರುತ್ತದೆ, ಆದರೆ ಬಿಸಿಲಲ್ಲಿ ಬಿದ್ದ ಹಲಗೆ ಗಾಳಿಗಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಅಂಗೈ ಇಟ್ಟು ನೋಡಿ. ಹಾಯಾಗಿ ಇಡಲು ಆಗದಿದ್ದರೆ ಡಬ್ಬಿ ತೆರೆಯಬೇಡಿ. ಇಬ್ಬನಿಯ ಪಸೆ ಆರಿದ ಮೇಲೆ ಬೆಳಿಗ್ಗೆ ಶುರು ಮಾಡಿದೆವು. ಹಿಂದಿನ ಸಂಜೆಯೇ ಧೂಳು ಗುಡಿಸಿ, ವ್ಯಾಕ್ಯೂಮ್ ಹಾಕಿ, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿಟ್ಟಿದ್ದೆವು. ಸಾಗವಾನಿಯಲ್ಲಿ ಅದರದೇ ಎಣ್ಣೆ ಇರುತ್ತದೆ, ಮೇಲಿನ ಆ ಎಣ್ಣೆಯೂ ಇದರಿಂದ ಹೋಗುತ್ತದೆ.

ಡಬ್ಬಿಗಳೆಲ್ಲವನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿದೆವು. ಡಬ್ಬಿಯಿಂದ ಡಬ್ಬಿಗೆ ಬಣ್ಣ ತುಸು ಬೇರೆ ಇರುತ್ತದೆ, ನಡುವೆ ಬದಲಾದರೆ ಎದ್ದು ಕಾಣುತ್ತದೆ. ಬಣ್ಣದ ಪುಡಿ ತಳಕ್ಕೆ ಕೂರುವುದರಿಂದ ಮತ್ತೆ ಮತ್ತೆ ಕಲಕುತ್ತಲೇ ಇರಬೇಕು. ರೋಲರ್ ಇಲ್ಲ, ಬ್ರಶ್ ಮಾತ್ರ. ಇಬ್ಬಿಬ್ಬರ ಜೋಡಿ. ಒಬ್ಬರು ಎರಡು ಹಲಗೆಯನ್ನು ಈ ತುದಿಯಿಂದ ಆ ತುದಿಯ ತನಕ ನಡುವೆ ನಿಲ್ಲದೆ ಹಚ್ಚುವುದು. ನಿಲ್ಲಿಸಿದರೆ ಹಲಗೆಯ ಕೊನೆಯಲ್ಲೇ ನಿಲ್ಲಿಸಬೇಕು, ಆಗ ಪಟ್ಟೆ ಮೂಡುವುದಿಲ್ಲ. ಇನ್ನೊಬ್ಬರು ಹತ್ತು ನಿಮಿಷ ಹಿಂದೆ ಬಂದು ಮಿಕ್ಕಿದ್ದನ್ನು ಒರೆಸುವುದು. ಹುಡುಗರಿಗೆ ಇದು ಸಂಕಟ. ದುಡ್ಡು ಕೊಟ್ಟು ತಂದದ್ದನ್ನು ಒರೆಸಿ ಬಿಸಾಡುವುದಾ ಅಂದರು. ಒರೆಸಿದ ಮೇಲೆ ಹಲಗೆಗೆ ಹೊಳಪು ಇರಬಾರದು, ಬಟ್ಟೆ ಜಾರಬೇಕು, ಕಚ್ಚಬಾರದು. ಒಂದೇ ಕೋಟ್. ದೂರದ ಮೂಲೆಯಿಂದ ಶುರುವಾಗಿ ಮೆಟ್ಟಿಲ ಹತ್ತಿರ ಮುಗಿಸಿದೆವು.

ಬಣ್ಣದ ಆಯ್ಕೆಯಲ್ಲಿ ಮನೆಯಲ್ಲಿ ಜಗಳವೇ ನಡೆದಿತ್ತು. ಬಣ್ಣವಿಲ್ಲದ ಕ್ಲಿಯರ್ ಎಣ್ಣೆ ಮರದ ಚೆಲುವು ತೋರಿಸುತ್ತದೆ, ಆದರೆ ಬಿಸಿಲು ತಡೆಯುವುದು ಬಣ್ಣದ ಪುಡಿಯೇ. ತೀರ ಕಡುಬಣ್ಣ ಹಚ್ಚಿದರೆ ಹಗಲು ಕಾಲಿಡಲಾಗದಷ್ಟು ಕಾಯುತ್ತದೆ. ಹಲಗೆಯೊಂದರ ತಳಭಾಗಕ್ಕೆ ಮೂರು ಬಗೆ ಹಚ್ಚಿ, ಒಣಗಿಸಿ, ಬಿಸಿಲಲ್ಲಿಟ್ಟು ನೋಡಿ ನಡುವಿನ ತಿಳಿಗಂದನ್ನು ಆರಿಸಿದೆವು. ಎಳೆಯೂ ಕಾಣುತ್ತದೆ.

ಟ್ಯಾಂಕಿನ ನೆರಳಿನ ಹಲಗೆಗಳ ಮೇಲ್ಮೈ ಮಾತ್ರ ಎಷ್ಟು ಮಾಡಿದರೂ ಸಮವಾಗಲಿಲ್ಲ. ಸ್ಟೇನ್ ತೀರ ಒಳಗಿಳಿದಿತ್ತು. ಇನ್ನೂ ಉಜ್ಜಿದರೆ ಹಲಗೆ ತೆಳುವಾಗುತ್ತದೆ ಎಂದು ಬಡಿಗೇರರು ಸ್ಕ್ರೂ ಬಿಚ್ಚಿ ಅವನ್ನು ಮಗುಚಿ ಹಾಕಿದರು. ತಳದ ಮುಖ ಹೊಸದಾಗಿ ಸೀಳಿದಂತೆಯೇ ಇತ್ತು. ಅದಕ್ಕೆ 80ರ ಕಾಗದ ಒಂದು ಸಲ ಹಾಯಿಸಿ ಸ್ಟೇನ್ ಹಚ್ಚಿದೆವು. ಈಗ ನೋಡಿದರೆ ಯಾವುವು ಮಗುಚಿದವು ಎಂದು ಗೊತ್ತಾಗುವುದಿಲ್ಲ.

ಇನ್ನು ಇದನ್ನು ಉಳಿಸಿಕೊಳ್ಳುವ ಮಾತು. ಕುಂಡಗಳನ್ನು ನೇರ ಹಲಗೆ ಮೇಲೆ ಇಡುತ್ತಿಲ್ಲ, ಕೆಳಗೆ ಕಾಲಿನ ಸ್ಟ್ಯಾಂಡ್ ಇದೆ. ಧೂಳನ್ನು ಒಣಗಿದ್ದಾಗಲೇ ಮೆತ್ತನೆ ಪೊರಕೆಯಿಂದ ಗುಡಿಸುತ್ತೇವೆ. ಮಳೆಗಾಲ ಕಳೆದ ಮೇಲೆ ನೀರಿನ ಹನಿ ಬಿಟ್ಟು ನೋಡುತ್ತೇವೆ. ಹನಿ ನಿಲ್ಲದೆ ಇಂಗಿದರೆ ತೊಳೆದು, ಒಣಗಿಸಿ, ಇದೇ ಸ್ಟೇನ್ ಇನ್ನೊಂದು ತೆಳು ಕೈ. ಈ ಊರ ಬಿಸಿಲಿಗೆ ಒಂದೆರಡು ವರ್ಷಕ್ಕೊಮ್ಮೆ ಅದು ಬೇಕಾಗುತ್ತದೆ. ಉಳಿದ ಸ್ಟೇನನ್ನು ಸಣ್ಣ ಡಬ್ಬಿಗೆ ಬಾಯಿತನಕ ತುಂಬಿ, ಮೇಲೆ ಬಣ್ಣದ ನಂಬರು, ಹಚ್ಚಿದ ತಿಂಗಳು ಬರೆದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ.